ಹಳದಿ ಪೊಟ್ಟಣ

"ಈಗ ಗಾಲಿ ನೋಡಿ," ಎಂದಳು ಪೊಲೀಸ್ ಪ್ರಯೋಗಾಲಯದ ಪರೀಕ್ಷಕಿ ಫಾಂಗ್.

ಬ್ಯಾಟರಿಯಿಂದ ಓಡುವ ಗಾಲಿಕುರ್ಚಿಯನ್ನು ಎರಡು ಮರದ ದಿಮ್ಮಿಗಳ ಮೇಲೆ ಏರಿಸಿದ್ದರಿಂದ ಅದರ ಹಿಂದಿನ ಗಾಲಿಗಳು ನೆಲ ಮುಟ್ಟುತ್ತಿರಲಿಲ್ಲ. ಫಾಂಗ್ ಕುರ್ಚಿಯ ತೋಳಿನ ಮೇಲಿದ್ದ ಪುಟ್ಟ ಕಡ್ಡಿಯನ್ನು ಮುಂದಕ್ಕೆ ಒತ್ತಿದಳು. ಒಳಗೆ ಬ್ರೇಕು ಟಕ್ಕೆಂದು ಬಿಟ್ಟುಕೊಂಡಿತು. ಎರಡೂ ಗಾಲಿಗಳು ಒಂದೇ ಹದದಲ್ಲಿ ತಿರುಗತೊಡಗಿದವು.

"ಸಮುದ್ರದ ನೀರು ಕುಡಿದ ಮೋಟಾರು ಅಂತ ಯಾರಾದ್ರೂ ಹೇಳ್ತಾರಾ? ಬಿಚ್ಚಿ, ತೊಳೆದು, ಒಣಗಿಸಿ ಹಾಕಿದ್ದೀನಿ ಅಷ್ಟೇ. ಒಳಗಿನ ಕಾರ್ಬನ್ ಬ್ರಷ್ ಹೊಸಾದು. ಎರಡೂ ಮೋಟಾರು ಸಮಸಮ ಕರೆಂಟ್ ಎಳೀತಿವೆ. ಯಾರು ರಿಪೇರಿ ಮಾಡಿದ್ರೋ ಏನೋ, ಕೆಲಸ ಮಾತ್ರ ಅಚ್ಚುಕಟ್ಟು."

ಇನ್ಸ್‌ಪೆಕ್ಟರ್ ಝಾನ್ ಯಾಹುಯಿಗೆ ಈ ಹೊಗಳಿಕೆ ಹಿತವಾಗಲಿಲ್ಲ. ರಿಪೇರಿ ಮಾಡಿದ ವೆಂಗ್ ಮೇಸ್ತ್ರಿಯ ಕೈಗೆ ಹೋದ ವಾರ ಬೇಡಿ ಹಾಕಿ, ಲಿಯೌಆನ್ ಬಂದರಿನ ಕಡಲು ಕಾಯುವ ಮಾತ್ಸು ದೇವಿಯ ಗುಡಿಯಂಗಳದಲ್ಲಿ ಊರೆಲ್ಲ ನೋಡುವಂತೆ ನಡೆಸಿಕೊಂಡು ಹೋದವಳು ಅವಳೇ. ಅದಕ್ಕೂ ಮೊದಲು ಒಂದು ಬೆಳಿಗ್ಗೆ ಮೇಸ್ತ್ರಿ ರಿಪೇರಿ ಮಾಡಿಕೊಟ್ಟ ಈ ಕುರ್ಚಿ ಅದೇ ಸಂಜೆ ದೋಣಿ ಇಳಿಸುವ ಇಳಿಜಾರಿನಲ್ಲಿ ಉರುಳಿ ಸಮುದ್ರಕ್ಕೆ ಬಿದ್ದು, ಲಾಟರಿ ಮಾರುವ ಗೂ ದೊಡ್ಡಪ್ಪನನ್ನು ಮುಳುಗಿಸಿತ್ತು.

"ಬ್ರೇಕಿನ ಲಿವರ್ ವಿಷಯ ಹೇಳಿ," ಎಂದಳು ಯಾಹುಯಿ. "ಸಮುದ್ರದಿಂದ ಮೇಲೆತ್ತಿದಾಗ ಎರಡೂ ಲಿವರ್ ಬಿಟ್ಟ ಸ್ಥಿತೀಲಿದ್ವು. ಅಂದ್ರೆ ಬ್ರೇಕು ಹಿಡಿಯಲ್ಲ. ಮೇಸ್ತ್ರಿ ಬೆಳಿಗ್ಗೆ ಮರೆತು ಹಾಗೇ ಬಿಟ್ಟಿದ್ರೆ?"

ಫಾಂಗ್ ಬಗ್ಗಿ, ಮೋಟಾರುಗಳ ಪಕ್ಕದಲ್ಲಿದ್ದ ಎರಡು ಕೆಂಪು ಲಿವರುಗಳನ್ನು ಕೆಳಕ್ಕೆ ತಿರುಗಿಸಿ, ಮತ್ತೆ ಕಡ್ಡಿಯನ್ನು ಒತ್ತಿದಳು.

ಕುರ್ಚಿ ಪೀಂ ಪೀಂ ಎಂದು ಕೂಗಿಕೊಂಡಿತು. ಗಾಲಿ ಒಂದಿಷ್ಟೂ ಅಲುಗಲಿಲ್ಲ.

"ಲಿವರ್ ಬಿಟ್ಟಿದ್ರೆ ಕುರ್ಚಿ ಓಡೋದೇ ಇಲ್ಲ ಮೇಡಂ. ಕೈಯಲ್ಲಿ ತಳ್ಳಬೇಕು. ಆ ಅಜ್ಜ ದಿನವೆಲ್ಲ ಇದರಲ್ಲೇ ಓಡಾಡಿದ್ದಾನೆ ಅಂತೀರಿ. ಹಂಗಿದ್ಮೇಲೆ ಬೆಳಿಗ್ಗೆ ಲಿವರ್ ಸರಿಯಾಗೇ ಇತ್ತು."

ಆ ಪೀಂ ಪೀಂ ಸದ್ದು ಯಾಹುಯಿಗೆ ಹೊಸದಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅದು ಅವಳ ಬಾಲ್ಯದ ಸದ್ದು. ಅವಳ ಅಪ್ಪ ಇಂಥದೇ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತಿದ್ದವರು. ಕುರ್ಚಿ ಕೈಕೊಟ್ಟಾಗಲೆಲ್ಲ ಈ ಎರಡು ಲಿವರ್ ತಿರುಗಿಸಿ ತಳ್ಳಿಕೊಂಡು ಮನೆ ಸೇರಿದ್ದವಳು ಅವಳು. ಎಷ್ಟೋ ಸಲ ಲಿವರನ್ನು ಹಿಂದಕ್ಕೆ ತಿರುಗಿಸಲು ಮರೆತು, ಅಪ್ಪ ಕಡ್ಡಿ ಒತ್ತಿದಾಗ ಇದೇ ಸದ್ದು ಕೇಳಿ ಬೈಸಿಕೊಂಡಿದ್ದಳು.

ಗೊತ್ತಿಲ್ಲದೆ ತಪ್ಪು ಮಾಡಿದ್ದರೆ ಒಂದು ಮಾತು. ಅವಳಿಗೆ ಗೊತ್ತಿತ್ತು. ಆದರೆ ಅವತ್ತು ವೆಂಗ್ ಮೇಸ್ತ್ರಿ ವಿಚಾರಣೆಯ ನಡುವೆ ಎದ್ದು, ಬಾಯಿತುಂಬ ಅಡಿಕೆ ಅಗಿಯುತ್ತ, ಅವಳ ಬೂಟಿನ ಪಕ್ಕಕ್ಕೆ ಕೆಂಪಗೆ ಉಗಿದು, "ನಿನ್ನೆ ಮೊನ್ನೆ ಹುಟ್ಟಿದೋಳು ನಂಗೆ ಮೋಟಾರ್ ಪಾಠ ಹೇಳ್ಬೇಡ" ಎಂದಿದ್ದ. ಸುತ್ತ ನಿಂತವರು ನಕ್ಕಿದ್ದರು. ಆ ನಗುವಿಗೆ ಅವಳ ತಲೆ ಬಿಸಿಯಾಗಿ, ಗೊತ್ತಿದ್ದದ್ದೆಲ್ಲ ಮರೆತುಹೋಗಿತ್ತು.

"ಆದ್ರೆ ಬ್ಯಾಟರಿ?" ಎಂದಳು. ಅವಳಿಗೆ ಉಳಿದಿದ್ದ ಕೊನೆಯ ಆಸರೆ ಅದು. "ಹೊಸ ಬ್ಯಾಟರಿ ಹಾಕಿದ್ದೀನಿ ಅಂತ ಹೇಳಿ ಹಳೇದು ತುರುಕಿದ್ದಾನಲ್ಲ. ಅದು ಮೋಸ ತಾನೆ?"

ಪಕ್ಕದ ಮೇಜಿನ ಮೇಲೆ ಎರಡು ಕಪ್ಪು ಬ್ಯಾಟರಿಗಳಿದ್ದವು. ಒಂದರ ಪ್ಲಾಸ್ಟಿಕ್ ಹಿಡಿ ಮುರಿದುಹೋಗಿ, ಅದರ ಜಾಗದಲ್ಲಿ ಖಾಕಿ ಬಣ್ಣದ ದಪ್ಪ ಬಟ್ಟೆಯ ಪಟ್ಟಿಯನ್ನು ಹೊಲಿದಿದ್ದರು. ಫಾಂಗ್ ಆ ಪಟ್ಟಿಯನ್ನೇ ಹಿಡಿದು ಬ್ಯಾಟರಿಯನ್ನು ಹತ್ತಿರ ಎಳೆದುಕೊಂಡಳು. ಮೀಟರಿನ ತಂತಿಗಳನ್ನು ಮುಟ್ಟಿಸಿದಳು. ಮುಳ್ಳು ಜಿಗಿದು ತುದಿಯಲ್ಲಿ ನಿಂತಿತು.

"ಸುಮ್ಮನೆ ಕೂತಾಗ ತುಂಬಿದ ಕೊಡ. ಈಗ ಇದಕ್ಕೆ ಕೆಲಸ ಕೊಡೋಣ." ಲೋಡ್ ಕೊಡುವ ಯಂತ್ರದ ಗುಂಡಿ ಒತ್ತಿದಳು. ಮುಳ್ಳು ನಡುಗಿ, ಇಳಿದು, ಕೆಳಗೆ ಮಲಗಿಬಿಟ್ಟಿತು. "ನೋಡಿದ್ರಾ? ಸಪಾಟು ರಸ್ತೇಲಿ ಹೆಂಗೋ ಓಡಿಸುತ್ತೆ. ಒಂದು ಏರು ಬಂದ್ರೆ ಮುಗೀತು."

"ತುಂಬ ಬಳಸಿದ್ದಕ್ಕೆ ಹಂಗಾಗಿದ್ಯಾ?"

"ಇಲ್ಲ. ಬಳಸದೆ ಹಾಳಾಗಿರೋದು. ವರ್ಷಗಟ್ಟಲೆ ಯಾವ್ದೋ ಮೂಲೇಲಿ ಸುಮ್ಮನೆ ಕೂತಿತ್ತು. ಮೊನ್ನೆ ಯಾರೋ ಎತ್ತಿ ಚಾರ್ಜಿಗೆ ಹಾಕಿದ್ದಾರೆ."

ಯಾಹುಯಿ ಹೊರಗೆ ಬಂದು ಕಾರಿನಲ್ಲಿ ಕೂತಳು. ಬಂದರಿನ ರಸ್ತೆ ಅವಳ ಕಣ್ಣ ಮುಂದೆ ಬಂತು. ಗುಡಿಯಿಂದ ಗೂ ದೊಡ್ಡಪ್ಪನ ಮನೆಗೆ ಹೋಗುವಾಗ ಸಿಗುವುದು ಒಂದೇ ಒಂದು ಏರು, ಕಾಲುವೆಯ ಸೇತುವೆ. ಅದನ್ನು ದಾಟಿದರೆ ದೋಣಿ ಇಳಿಸುವ ಇಳಿಜಾರು.

ಬ್ಯಾಟರಿ ಸತ್ತರೆ ಬ್ರೇಕು ತಾನಾಗಿ ಕಚ್ಚಿಕೊಳ್ಳುತ್ತದೆ, ಕುರ್ಚಿ ಬಂಡೆಯಾಗುತ್ತದೆ. ಲಿವರ್ ಇರುವುದು ಹಿಂದುಗಡೆ, ಕೆಳಗೆ. ಕೂತವನ ಕೈಗೆ ಅದು ಎಟುಕುವುದಿಲ್ಲ. ಯಾರೋ ಬಂದಿದ್ದಾರೆ. "ಕುರ್ಚಿ ನಿಂತೋಯ್ತಾ ದೊಡ್ಡಪ್ಪ? ಇರಿ, ತಳ್ತೀನಿ" ಎಂದಿದ್ದಾರೆ. ಪಾಪ, ಮುದುಕ ಕೈಮುಗಿದೂ ಇರಬಹುದು. ಲಿವರ್ ಬಿಟ್ಟು, ಸೇತುವೆ ದಾಟಿಸಿ, ಇಳಿಜಾರಿನ ತುದಿಯಲ್ಲಿ ಕುರ್ಚಿಯನ್ನು ಕೈಬಿಟ್ಟಿದ್ದಾರೆ.

ಇದು ಅಜಾಗರೂಕತೆಯಲ್ಲ, ಕೊಲೆ. ಕೊಲೆಗಾರ ಉಪಕಾರಿಯ ವೇಷದಲ್ಲಿ ಬಂದಿದ್ದ. ಅವನನ್ನು ಬಿಟ್ಟು ಅವಳು ಮೇಸ್ತ್ರಿಗೆ ಬೇಡಿ ಹಾಕಿದ್ದಳು.

ಮೊಬೈಲು ಹೊಡೆದುಕೊಂಡಿತು. ತಮ್ಮ ಬೋಯು.

"ಅಕ್ಕಾ, ಡಬ್ಬಿ ಖಾಲಿ ಮಾಡಿದ್ಯಾ? ಮಾವಿನಹಣ್ಣು ಹೆಂಗಿತ್ತು?"

"ಹಣ್ಣಂತೆ ಹಣ್ಣು! ಹಸಿರು ಕಾಯಿ ಹಾಕಿದ್ದೀಯಲ್ಲೋ, ಹಲ್ಲು ಜುಮ್ ಅಂತು."

"ನಂಗೆ ಎಲ್ಲಾ ಒಂದೇ ಥರ ಕಾಣುತ್ತೆ, ಏನ್ಮಾಡ್ಲಿ," ಎಂದು ನಕ್ಕ. ಪಾಪದವನು. ಅಕ್ಕನ ಹಾಗೆ ಪೊಲೀಸಾಗಬೇಕೆಂದು ಓಡಿ, ಈಜಿ, ಓದಿ, ಕೊನೆಗೆ ಕಣ್ಣಿನ ಪರೀಕ್ಷೆಯಲ್ಲಿ ಬಣ್ಣ ತಿಳಿಯದೆ ಮನೆಗೆ ಬಂದವನು. ಈಗ ಒಂಟಿ ಮುದುಕರ ಮನೆಗಳಿಗೆ ಬಿಸಿ ಊಟದ ಡಬ್ಬಿ ಮುಟ್ಟಿಸುತ್ತಾನೆ. ದಾರಿಯಲ್ಲಿ ಯಾರ ಕುರ್ಚಿ ಕೈಕೊಟ್ಟರೂ ಸ್ಕೂಟರ್ ನಿಲ್ಲಿಸಿ ತಳ್ಳಿಕೊಡುತ್ತಾನೆ. ಬಂದರಿನ ಅಜ್ಜಿಯರೆಲ್ಲ ಅವನಿಗೆ ಹೆಣ್ಣು ಹುಡುಕುತ್ತಿದ್ದರು.

"ಅಕ್ಕಾ, ಆ ಕುರ್ಚಿ ಪರೀಕ್ಷೆ ಏನಾಯ್ತು?"

"ಮನೆಗೆ ಬಂದು ಹೇಳ್ತೀನಿ," ಎಂದು ಫೋನ್ ಇಟ್ಟಳು. ನಾಚಿಕೆಯ ಸುದ್ದಿಯನ್ನು ತಮ್ಮನ ಮುಂದೆ ಹೇಳಿಕೊಳ್ಳುವ ಆತುರ ಅವಳಿಗಿರಲಿಲ್ಲ.

ಗುಡಿಯಂಗಳಕ್ಕೆ ಬಂದಾಗ ಮಧ್ಯಾಹ್ನದ ಬಿಸಿಲು. ಹಾಲುಮೀನಿನ ಗಂಜಿ ಮಾರುವವಳು ಹಂಡೆ ತೊಳೆಯುತ್ತಿದ್ದಳು. ಆಲದ ನೆರಳಿನ ಚಹಾ ಮೇಜುಗಳಲ್ಲಿ ಮಾಮೂಲಿ ಮುದುಕರ ದಂಡು ಕೂತಿತ್ತು. ಎದುರಿಗೆ ವೆಂಗ್ ಮೇಸ್ತ್ರಿಯ ಅಂಗಡಿ. ಶಟರ್ ಮುಚ್ಚಿತ್ತು. ಅದರ ಮೇಲೆ ಯಾರೋ 'ಮುದುಕರ ಜೀವ ತಿನ್ನುವವನು' ಎಂದು ಬಣ್ಣದಲ್ಲಿ ಬರೆದಿದ್ದರು. ರಿಪೇರಿಗೆ ಬಿಟ್ಟಿದ್ದ ಕುರ್ಚಿಗಳನ್ನು ಜನ ಅರ್ಧಂಬರ್ಧ ಬಿಚ್ಚಿದ ಹಾಗೆಯೇ ಎತ್ತಿಕೊಂಡು ಹೋಗಿದ್ದರಂತೆ.

ಜಾಮೀನಿನ ಮೇಲೆ ಹೊರಬಂದ ಮೇಸ್ತ್ರಿ ಚಹಾದಂಗಡಿಯ ಹಿಂಬದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ತನ್ನ ಮೋಟಾರು ಬೆಟ್ಟ ಹತ್ತುತ್ತದೆ, ತನ್ನ ಬ್ರೇಕು ಎತ್ತನ್ನು ನಿಲ್ಲಿಸುತ್ತದೆ ಎಂದು ದಿನವಿಡೀ ಬಡಾಯಿ ಕೊಚ್ಚುತ್ತಿದ್ದ ಬಾಯಿ ಅದು. ಈಗ ಅಡಿಕೆ ಅಗಿಯುವುದೊಂದೇ ಅದರ ಕೆಲಸವಾಗಿತ್ತು.

ಯಾಹುಯಿ ಅವನ ಪಕ್ಕದ ಸ್ಟೂಲಿನಲ್ಲಿ ಕೂತು ದನಿ ತಗ್ಗಿಸಿದಳು. "ಮೇಸ್ತ್ರಿ, ಕುರ್ಚಿ ಪರೀಕ್ಷೆ ಆಯ್ತು. ಲಿವರ್ ನೀವು ಬಿಟ್ಟಿದ್ದಲ್ಲ. ನಂದೇ ತಪ್ಪು."

ಅವನು ತಿರುಗಲಿಲ್ಲ. "ಏನಂದ್ರಿ? ಕಿವಿ ಮಂದ ನಂಗೆ."

"ನನ್ನಿಂದ ತಪ್ಪಾಯ್ತು ಅಂದೆ."

"ಅವತ್ತು ಇಷ್ಟು ಮೆತ್ತಗೆ ಮಾತಾಡಿರ್ಲಿಲ್ಲವಲ್ಲ ಸಾಹೇಬ್ರು! ಆ ಗೋಪುರದ ಮೇಲಿರೋ ಪಾರಿವಾಳವೂ ಎದ್ದು ಹಾರೋ ಹಂಗೆ ಕೂಗಿದ್ರಿ. 'ಕಳ್ಳ ಬ್ಯಾಟರಿ ಹಾಕಿ ಮುದುಕನ್ನ ಕೊಂದೆ' ಅಂತ. ಕಿವೀಲಿ ಹೇಳೋ ತಪ್ಪು ನಂಗೆ ಬೇಡ. ಬೇಡಿ ಹಾಕಿದ್ದು ಎಲ್ಲಿ? ಅಲ್ಲೇ ನಿಂತು ಹೇಳಿ."

ಮುದುಕರ ದಂಡು ಆಗಲೇ ಚಹಾ ಬಟ್ಟಲು ಕೆಳಗಿಟ್ಟಿತ್ತು.

ಯಾಹುಯಿ ಎದ್ದಳು. ಅಂಗಳದ ನಡುವಿನ ಧೂಪದ ಕುಂಡದವರೆಗೆ ನಡೆಯುವುದು ಇಷ್ಟು ಕಷ್ಟವಾಗಬಹುದೆಂದು ಅವಳು ಎಣಿಸಿರಲಿಲ್ಲ. ಹೋದ ವಾರ ಇದೇ ದಾರಿಯಲ್ಲಿ ಎದೆ ಸೆಟೆಸಿಕೊಂಡು ನಡೆದಿದ್ದಳಲ್ಲ, ಆ ನಡಿಗೆಯನ್ನು ನೆನೆದರೆ ಮೈಯೆಲ್ಲ ಹಿಡಿಯಾಯಿತು.

"ವೆಂಗ್ ಮೇಸ್ತ್ರಿ ತಪ್ಪು ಮಾಡಿಲ್ಲ," ಎಂದು ಗಟ್ಟಿಯಾಗಿ ಹೇಳಿದಳು. "ತಪ್ಪು ಮಾಡಿದ್ದು ನಾನು. ಲಿವರ್ ಬಿಟ್ಟಿದ್ರೆ ಕುರ್ಚಿ ಓಡಲ್ಲ ಅಂತ ನಂಗೆ ಗೊತ್ತಿತ್ತು. ನಮ್ಮಪ್ಪನ ಕುರ್ಚಿ ತಳ್ಳಿದೋಳು ನಾನು. ಗೊತ್ತಿದ್ದೂ ಕೋಪಕ್ಕೆ ಬೇಡಿ ಹಾಕ್ದೆ. ಕ್ಷಮಿಸಿ."

ತಲೆ ಬಗ್ಗಿಸಿ ನಿಂತಳು. ಯಾರಾದರೂ ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಹಂಗಾದ್ರೆ ಹಳೇ ಬ್ಯಾಟರಿ?" ಎಂದು ಗಂಜಿಯವಳು ಕೇಳಿದಳು. "ಅದನ್ನ ಹಾಕಿದೋರು ಯಾರು? ಅದನ್ನ ಹೇಳಿ ಮೊದ್ಲು. ಇಲ್ದಿದ್ರೆ ಜನ ಇವನ್ನ ಸುಮ್ನೆ ಬಿಡ್ತಾರಾ?"

ಮೇಸ್ತ್ರಿ ಎದ್ದು ಬಂದು ಅವಳೆದುರು ನಿಂತ. ಕಣ್ಣಿನ ಕೆಳಗೆ ಚೀಲ ಕಟ್ಟಿತ್ತು. "ನಾನು ಹೊಸ ಬ್ಯಾಟರೀನೇ ಹಾಕಿದ್ದು. ಲೋಡ್ ಕೊಟ್ಟು ನೋಡಿ, ಪಾಸಾದ್ಮೇಲೇ ಹಸಿರು ಪೊಟ್ಟಣ ಅಂಟಿಸ್ದೆ. ಸಿಕ್ತಲ್ಲ ಪೊಟ್ಟಣ?"

ಆ ಪೊಟ್ಟಣ ಗೊತ್ತಿಲ್ಲದವರು ಆ ಸೀಮೆಯಲ್ಲೇ ಇಲ್ಲ. ಜೋಳದ ಕುರುಕಲು ತಿಂಡಿ ಅದು. ಅದರ ಹೆಸರಿಗೇ 'ಹಠ ಮಾಡದೆ ಜಾಣನಾಗಿರು' ಎಂದು ಅರ್ಥ. ಹೀಗಾಗಿ ಕಾರ್ಖಾನೆಯಿರಲಿ, ಆಸ್ಪತ್ರೆಯಿರಲಿ, ಯಂತ್ರ ಇದ್ದಲ್ಲಿ ಅದರ ಮೇಲೊಂದು ಪೊಟ್ಟಣ ಇರಲೇಬೇಕು. ಅದೂ ಹಸಿರೇ ಆಗಬೇಕು. ಸಿಗ್ನಲ್ ದೀಪದ ಹಾಗೆ, ಹಸಿರೆಂದರೆ ನಡೆ. ಅದೇ ತಿಂಡಿ ಮಸಾಲೆ ಹಾಕಿ ಹಳದಿ ಪೊಟ್ಟಣದಲ್ಲೂ ಬರುತ್ತದೆ. ಅದನ್ನು ಯಂತ್ರದ ಮೇಲಿಟ್ಟರೆ ಯಂತ್ರ ಮುನಿಯುತ್ತದೆಂದು ಇಂಜಿನಿಯರುಗಳೂ ಹೆದರುತ್ತಾರೆ.

"ತಿಂಡಿ ಪೊಟ್ಟಣ ಒಂದು ಅಂತ ನಮ್ಮ ಕಾಗದದಲ್ಲಿದೆ," ಎಂದಳು ಯಾಹುಯಿ.

"ಅಂಟಿಸಿತ್ತಾ, ಸುಮ್ನೆ ಬಿದ್ದಿತ್ತಾ?"

"ಅಂಟಿಸಿರ್ಲಿಲ್ಲ. ಸೀಟಿನ ಕೆಳಗಿನ ಡಬ್ಬಿಯೊಳಗೆ ಬ್ಯಾಟರಿ ಪಕ್ಕ ಸುಮ್ನೆ ಇತ್ತು."

"ಆಹಾ!" ಹಳೆಯ ಬಡಾಯಿಯ ದನಿ ಒಂದು ಕ್ಷಣಕ್ಕೆ ಹಿಂದೆ ಬಂತು. "ಈ ವೆಂಗ್ ಯಾವತ್ತಾದ್ರೂ ಪೊಟ್ಟಣ ಸುಮ್ನೆ ಇಟ್ಟಿದ್ದಾನಾ? ಕೇಳಿ ಇವರನ್ನ! ಬ್ಯಾಟರಿ ತಲೆ ಮೇಲಿಟ್ಟು ನೀಲಿ ಟೇಪಲ್ಲಿ ಅಡ್ಡ ಒಂದು, ಉದ್ದ ಒಂದು ಅಂಟಿಸ್ತೀನಿ. ಬ್ಯಾಟರಿ ಎಲ್ಲಿಗೆ ಹೋದ್ರೆ ಅದೂ ಅಲ್ಲಿಗೆ. ತರಿಸಿ ಆ ಪೊಟ್ಟಣ. ಈಗ್ಲೇ ತರಿಸಿ."

ಯಾಹುಯಿ ಠಾಣೆಗೆ ಫೋನ್ ಮಾಡಿದಳು. ವಶಪಡಿಸಿಕೊಂಡ ಸಾಮಾನಿನ ಜವಾಬ್ದಾರಿ ಹವಾಲ್ದಾರ್ ಜಿಯಾನ್‌ನದು. ನಿವೃತ್ತಿಗೆ ಹತ್ತಿರವಾದ ದಪ್ಪ ಮನುಷ್ಯ.

"ಸ್ಪೀಕರ್ ಹಾಕಿ," ಎಂದ ಮೇಸ್ತ್ರಿ. "ಎಲ್ರೂ ಕೇಳ್ಲಿ."

ಹಾಕಿದಳು.

"ಜಿಯಾನ್ ಅವ್ರೇ, ಗೂ ದೊಡ್ಡಪ್ಪನ ಕುರ್ಚೀಲಿ ಸಿಕ್ಕಿದ ತಿಂಡಿ ಪೊಟ್ಟಣ ತಗೊಂಡು ಗುಡಿ ಹತ್ರ ಬನ್ನಿ."

ಆ ಕಡೆ ಜಿಯಾನ್ ಕೆಮ್ಮಿದ. "ಯಾವ ಪೊಟ್ಟಣ ಮೇಡಂ?"

"ಎಷ್ಟು ಪೊಟ್ಟಣ ಇದ್ವು ಅಲ್ಲಿ?"

"ಅದು... ಮೇಡಂ... ಹಳದಿ ಪೊಟ್ಟಣ ಆಗಿತ್ತಲ್ಲ."

"ಹಳದೀನಾ?"

"ಹೂಂ ಮೇಡಂ. ಹಸಿರಾಗಿದ್ದಿದ್ರೆ ನಮ್ಮ ಠಾಣೆ ಕಂಪ್ಯೂಟರ್ ಮೇಲಾದ್ರೂ ಇಡ್ತಿದ್ದೆ, ದಿನಾ ಕೆಟ್ಟು ಕೂರುತ್ತೆ. ಹಳದಿ ಯಂತ್ರಕ್ಕೆ ಆಗಲ್ಲ. ಪ್ಯಾಕ್ ಬೇರೆ ಒಡೆದಿರ್ಲಿಲ್ಲ. ಸುಮ್ನೆ ಹಾಳಾಗುತ್ತಲ್ಲ ಅಂತ ನಾನೂ ಡ್ರೈವರ್ರೂ..."

"ಏನ್ಮಾಡಿದ್ರಿ?"

"ಚಹಾ ಜೊತೆ ತಿಂದ್ಬಿಟ್ವಿ ಮೇಡಂ."

ಗಂಜಿಯವಳು ಹಂಡೆಯ ಮೇಲೆ ಬಿದ್ದು ನಕ್ಕಳು. ಮುದುಕರ ದಂಡು ಮೇಜು ಬಡಿಯಿತು. "ಕೊಲೆ ಸಾಕ್ಷೀನ ಚಹಾಕ್ಕೆ ನೆಂಚಿಕೊಂಡ್ರಂತೆ!" ಎಂದು ಒಬ್ಬ ಕೂಗಿದ. "ರುಚಿ ಹೆಂಗಿತ್ತು ಹವಾಲ್ದಾರ್ರೇ?" ಎಂದು ಇನ್ನೊಬ್ಬ ಫೋನಿಗೆ ಬಾಯಿಟ್ಟ. ಯಾಹುಯಿಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ತನ್ನ ಮಾನ ಹೋದದ್ದು ಸಾಲದೆಂದು ಠಾಣೆಯ ಮಾನವೂ ಅದೇ ಕುಂಡದ ಮುಂದೆ ಬೂದಿಯಾಗಿತ್ತು.

"ಹಳದಿ ಅಂತ ಖಾತ್ರಿಯಾ?" ಎಂದಳು ಹಲ್ಲು ಕಚ್ಚಿ.

"ದೇವಿಯಾಣೆಗೂ ಮೇಡಂ. ಮಸಾಲೆ ರುಚಿ. ಕವರ್ ಇನ್ನೂ ಕಸದ ಬುಟ್ಟೀಲಿದೆ."

"ಕವರ್ ಎತ್ತಿಟ್ಟು, ಗಾಡಿ ರೆಡಿ ಮಾಡ್ಕೊಂಡು ಕಾಯ್ತಿರಿ. ಯಾರ ಮನೆಗೆ ಬರಬೇಕು ಅಂತ ಆಮೇಲೆ ಹೇಳ್ತೀನಿ."

ನಗು ತಣ್ಣಗಾಗುವ ಹೊತ್ತಿಗೆ ಎಲ್ಲರಿಗೂ ವಿಷಯ ಹೊಳೆದಿತ್ತು. ಹಳದಿ ಪೊಟ್ಟಣವನ್ನು ಯಂತ್ರದೊಳಗೆ ಯಾವ ಮೇಸ್ತ್ರಿಯೂ ಇಡುವುದಿಲ್ಲ. ವೆಂಗ್ ಅಂತೂ ಕತ್ತು ಕೊಯ್ದರೂ ಇಡುವವನಲ್ಲ. ಗೂ ದೊಡ್ಡಪ್ಪ ಮಧ್ಯಾಹ್ನ ಗುಡಿಯ ಜಗಲಿಯಲ್ಲಿ ನಿದ್ದೆ ಹೋದಾಗ ಕುರ್ಚಿ ಹಿಂದಿನ ಓಣಿಯಲ್ಲಿ ಚಾರ್ಜಿಗೆ ನಿಂತಿರುತ್ತಿತ್ತು. ಆಗ ಯಾರೋ ಸೀಟು ಎತ್ತಿ, ಹೊಸ ಬ್ಯಾಟರಿಗಳನ್ನು ಪೊಟ್ಟಣದ ಸಮೇತ ಕದ್ದು, ಸತ್ತ ಬ್ಯಾಟರಿಗಳನ್ನು ಕೂರಿಸಿದ್ದಾರೆ. ಪೊಟ್ಟಣ ಇಲ್ಲದಿದ್ದರೆ ಮುದುಕ ಕೇಳುತ್ತಾನೆಂದು ಅಂಗಡಿಯಿಂದ ಒಂದು ತಂದು ತುರುಕಿದ್ದಾರೆ. ಬಣ್ಣ ಮಾತ್ರ ತಪ್ಪಿದೆ.

"ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು ಹಸಿರು ಇಡಬೇಕು ಅಂತ," ಎಂದಳು ಗಂಜಿಯವಳು. "ಹಳದಿ ಇಡೋ ದಡ್ಡ ಯಾರಪ್ಪ?"

"ದಡ್ಡನೋ ಜಾಣನೋ, ನಂಗೆ ಅವನು ಬೇಕು," ಎಂದ ಮೇಸ್ತ್ರಿ. "ಸಾಹೇಬ್ರೇ, ದೇವಿ ಮುಂದೆ ಒಂದು ಮಾತು ಕೊಡಿ. ನನ್ನ ಕೈಗೆ ಹಾಕಿದ ಬೇಡೀನೇ ಅವನಿಗೂ ಹಾಕ್ಬೇಕು. ಇದೇ ಅಂಗಳದಲ್ಲಿ, ಇದೇ ಹಗಲಲ್ಲಿ ನಡೆಸಬೇಕು. ಆಮೇಲೆ ನಾನು ಶಟರ್ ತೆಗೀತೀನಿ. ಇಲ್ಲಾಂದ್ರೆ ಆ ಬರಹ ಒರೆಸೋದೂ ಇಲ್ಲ."

"ಮಾತು ಕೊಟ್ಟೆ," ಎಂದಳು ಯಾಹುಯಿ. "ಯಾರೇ ಆಗಿರ್ಲಿ."

ಮನಸ್ಸು ತುಸು ನೆಟ್ಟಗಾಯಿತು. ಮೊಬೈಲಿನಲ್ಲಿ ಬ್ಯಾಟರಿಗಳ ಚಿತ್ರ ತೆಗೆದು ಅವನಿಗೆ ಹಿಡಿದಳು. "ಈ ಹಳೇ ಬ್ಯಾಟರಿ ಯಾರದ್ದು ಅಂತ ಗೊತ್ತಾದ್ರೆ ಸಾಕು. ವರ್ಷಗಟ್ಟಲೆ ಬಳಸದೆ ಮೂಲೇಲಿ ಕೂತಿದ್ದವಂತೆ. ಈ ಸುತ್ತಮುತ್ತ ಎಲ್ಲಾ ಕುರ್ಚೀನೂ ನಿಮ್ಮ ಕೈಮೇಲೇ ಹೋಗಿರೋದು ತಾನೆ?"

ಮೇಸ್ತ್ರಿ ಕನ್ನಡಕ ಹುಡುಕಿ ಹಾಕಿಕೊಂಡ. ಚಿತ್ರವನ್ನು ದೊಡ್ಡದು ಮಾಡಿದ. ಖಾಕಿ ಪಟ್ಟಿಯ ಮೇಲೆ ಅವನ ಬೆರಳು ನಿಂತಿತು.

ಅವನ ಬಾಯಲ್ಲಿ ಅಡಿಕೆ ನಿಂತುಹೋಯಿತು.

"ಏನಾಯ್ತು?"

ಅವನು ಚಿತ್ರ ನೋಡಿದ. ಅವಳನ್ನು ನೋಡಿದ. ಮತ್ತೆ ಚಿತ್ರ ನೋಡಿದ. ಆಮೇಲೆ ಅವಳ ತೋಳು ಹಿಡಿದು ಜನರಿಂದ ದೂರ, ಆಲದ ಮರೆಗೆ ಕರೆದುಕೊಂಡು ಹೋದ. ಅಂಗಳದ ನಡುವೆ ನಿಂತು ಹೇಳಿ ಎಂದು ಹಠ ಹಿಡಿದಿದ್ದವನು ಈಗ ಪಿಸುಗುಟ್ಟುತ್ತಿದ್ದ.

"ಯಾಹುಯಿ, ಮಗಳೇ."

ಸಾಹೇಬ್ರು ಹೋಗಿ ಮಗಳಾದದ್ದು ಅವಳಿಗೆ ಅರ್ಥವಾಗಲಿಲ್ಲ.

"ಈ ಪಟ್ಟಿ ಹೊಲಿದಿದ್ದು ನಾನು. ಪ್ಲಾಸ್ಟಿಕ್ ಹಿಡಿ ಮುರಿದಿತ್ತು. ನಿಮ್ಮಪ್ಪ ನಿನ್ನ ಹಳೇ ಸ್ಕೂಲ್ ಬ್ಯಾಗಿನ ಪಟ್ಟಿ ಕತ್ತರಿಸಿ ತಂದ್ಕೊಟ್ಟ. 'ಮಗಳು ಪೊಲೀಸಾದ್ಲು, ಬ್ಯಾಗು ಇನ್ಯಾಕೆ' ಅಂದ. ಹೊಲಿಯೋವಾಗ ಸೂಜಿ ಮುರೀತು, ಅದಕ್ಕೇ ನೆನಪಿದೆ."

ಯಾಹುಯಿ ಚಿತ್ರ ನೋಡಿದಳು. ಬೆಳಿಗ್ಗೆ ಕಣ್ಣೆದುರೇ ಇದ್ದ ಪಟ್ಟಿ ಅದು. ಎಷ್ಟೋ ವರ್ಷ ಹೆಗಲ ಮೇಲೆ ಹೊತ್ತಿದ್ದು. ಅದರ ಅಂಚಿನಲ್ಲಿ ಬೇಜಾರಾದಾಗಲೆಲ್ಲ ಅವಳೇ ಕಿತ್ತ ದಾರ ಈಗಲೂ ಎದ್ದಿತ್ತು.

"ನಿಮ್ಮಪ್ಪನ ಕುರ್ಚಿ ಈಗೆಲ್ಲಿದೆ?" ಎಂದ ಮೇಸ್ತ್ರಿ.

"ಮನೇಲೇ. ಕೆಳಗೆ, ಸ್ಕೂಟರ್ ನಿಲ್ಲಿಸೋ ಜಾಗದಲ್ಲಿ. ಅಪ್ಪ ಹೋದ್ಮೇಲೆ ಯಾರೂ ಮುಟ್ಟಿಲ್ಲ."

"ಬ್ಯಾಟರಿ ಬಿಚ್ಚಿ ನನ್ನ ಅಂಗಡಿಗೆ ಹೊತ್ಕೊಂಡು ಬರ್ತಿದ್ದೋರು ಯಾರು? ನೀನಾ?"

ಅವಳು ತಳ್ಳುತ್ತಿದ್ದಳು, ಅಷ್ಟೇ. ಬಿಚ್ಚುವುದು, ಹಾಕುವುದು, ಹೊರುವುದು ಬೇರೆಯವರ ಕೆಲಸವಾಗಿತ್ತು. ಆ ಹೆಸರು ಅವಳ ಬಾಯಿಗೆ ಬರಲಿಲ್ಲ.

"ಮನೆಗೆ ಹೋಗಿ ನೋಡಮ್ಮ," ಎಂದ ಮೇಸ್ತ್ರಿ. "ಅದು ಸುಳ್ಳಾಗ್ಲಿ ಅಂತ ನಾನೂ ದೇವೀನ ಕೇಳ್ಕೋತೀನಿ."

ಅವಳು ಎಲ್ಲಿಗೂ ಹೋಗುವ ಆತುರವಿಲ್ಲದವಳಂತೆ ನಿಧಾನವಾಗಿ ಕಾರು ಓಡಿಸಿದಳು. ಮನೆಯ ಶಟರ್ ಅರ್ಧ ಎತ್ತಿ ಒಳಗೆ ಬಗ್ಗಿದಾಗ ಓಣಿಯಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ಮೂಲೆಯಲ್ಲಿ ಅಪ್ಪನ ಕುರ್ಚಿ, ಅದರ ಮೇಲೆ ಹಳೆಯ ಹೂವಿನ ಹೊದಿಕೆ. ಹೊದಿಕೆಯ ಮೇಲೆ ಧೂಳು ಇರಲಿಲ್ಲ.

ಸರಿಸಿದಳು. ಸೀಟು ಎತ್ತಿದಳು.

ಡಬ್ಬಿಯೊಳಗೆ ಎರಡು ಹೊಚ್ಚಹೊಸ ಬ್ಯಾಟರಿಗಳಿದ್ದವು. ಒಂದರ ತಲೆಯ ಮೇಲೆ ನೀಲಿ ಟೇಪು, ಅಡ್ಡ ಒಂದು, ಉದ್ದ ಒಂದು. ಟೇಪಿನ ಕೆಳಗೆ ಹಸಿರು ಪೊಟ್ಟಣ.

ಅವಳು ಟೇಪು ಕಿತ್ತು ಪೊಟ್ಟಣವನ್ನು ಕೈಗೆ ತೆಗೆದುಕೊಂಡಳು. ಹೊರಗೆ ಸ್ಕೂಟರಿನ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ಬೋಯು ಶಟರ್ ಕೆಳಗೆ ನುಸುಳಿ ಒಳಬಂದ. ಒಂದು ಕೈಯಲ್ಲಿ ಖಾಲಿ ಊಟದ ಡಬ್ಬಿಗಳು, ಇನ್ನೊಂದರಲ್ಲಿ ಮಾವಿನಹಣ್ಣಿನ ಚೀಲ.

"ಅಕ್ಕಾ, ಇಷ್ಟು ಬೇಗ ಬಂದ್ಯಾ? ನೋಡು, ಈ ಸಲ ಅಂಗಡಿಯವನನ್ನೇ ಕೇಳಿ ತಂದಿದ್ದೀನಿ, ಎಲ್ಲಾ ಹಣ್ಣೇ ಅಂತ..."

ಎತ್ತಿದ್ದ ಸೀಟು ಅವನಿಗೆ ಕಂಡಿತು.

ಯಾಹುಯಿ ಪೊಟ್ಟಣವನ್ನು ಅವನ ಮುಂದೆ ಹಿಡಿದಳು. "ಬೋಯು, ಇದು ಯಾವ ಬಣ್ಣ?"

ಅವನು ಪೊಟ್ಟಣವನ್ನು ನೋಡಿದ. ಬಹಳ ಹೊತ್ತು ನೋಡಿದ. ಚಿಕ್ಕವನಿದ್ದಾಗ ಬಣ್ಣದ ಪೆನ್ಸಿಲ್ ತಪ್ಪಾಗಿ ಎತ್ತಿ ಮೇಷ್ಟರ ಮುಂದೆ ನಿಲ್ಲುತ್ತಿದ್ದ ಮುಖವೇ ಅದು. ಕಿವಿಗಳು ಕೆಂಪಗಾದವು. ತಲೆ ಬಗ್ಗಿತು.

"ಅಂಗಡೀಲಿ ಕೇಳೋಕೆ ನಾಚಿಕೆ ಆಯ್ತು ಅಕ್ಕಾ," ಎಂದ ಮೆಲ್ಲಗೆ. "ನಾನಿಟ್ಟಿದ್ದು ಯಾವ ಬಣ್ಣ?"

ಮಾವಿನ ಚೀಲ ಅವನ ಕೈಯಿಂದ ಜಾರಿತು. ಒಂದು ಹಣ್ಣು ಉರುಳಿ ಅಪ್ಪನ ಕುರ್ಚಿಯ ಗಾಲಿಗೆ ತಾಗಿ ನಿಂತಿತು.

ಅಷ್ಟರಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು. ಹವಾಲ್ದಾರ್ ಜಿಯಾನ್.

"ಮೇಡಂ, ಕವರ್ ಸಿಕ್ತು, ಹಳದೀನೇ. ಗಾಡಿ ಗುಡಿ ಮುಂದೆ ನಿಂತಿದೆ. ಜನ ಎಲ್ಲಾ ಕಾಯ್ತಿದ್ದಾರೆ. ಯಾರ ಮನೆಗೆ ಬರ್ಲಿ?"

ಬೋಯು ಕಣ್ಣೆತ್ತಿ ಅವಳನ್ನೇ ನೋಡುತ್ತಿದ್ದ. ಆ ಮುದುಕನನ್ನು ಯಾಕೆ ಕೊಂದೆ ಎಂದು ಅವಳು ಕೇಳಲಿಲ್ಲ; ಕೇಳಿದರೆ ಉತ್ತರವನ್ನೂ ಕೇಳಿಸಿಕೊಳ್ಳಬೇಕಿತ್ತು. ಬೇಡಿ ಅವಳ ಸೊಂಟದಲ್ಲಿತ್ತು. ದೇವಿಯ ಮುಂದೆ ಕೊಟ್ಟ ಮಾತಿನ ಬಿಸಿ ಇನ್ನೂ ನಾಲಗೆಯ ಮೇಲಿತ್ತು. ಶಟರಿನ ಮೇಲೆ ಬಣ್ಣದಲ್ಲಿ ಬರೆದಿದ್ದ ಅಕ್ಷರಗಳು ಕಣ್ಣ ಮುಂದೆ ಬಂದುಹೋದವು.

"ಗಾಡಿ ಬೇಡ," ಎಂದಳು. ಆ ದನಿ ತನ್ನದೆಂದು ಅವಳಿಗೇ ಅನಿಸಲಿಲ್ಲ. "ಹುಡುಕ್ದೆ. ಇಲ್ಲೇನೂ ಸಿಗ್ಲಿಲ್ಲ."

ಫೋನ್ ಇಟ್ಟಳು. ನಾಚಿಕೆಯಿಂದ ತಮ್ಮನ ಮುಖ ನೋಡಲಾಗದೆ ಅರ್ಧ ಎತ್ತಿದ್ದ ಶಟರಿನ ಕಡೆ ತಿರುಗಿದಳು.

ಶಟರಿನ ಕೆಳಗೆ, ಓಣಿಯ ಬಿಸಿಲಿನಲ್ಲಿ, ಯಾರದೋ ಎರಡು ಕಾಲುಗಳು ನಿಂತಿದ್ದವು. ಅವುಗಳ ಪಕ್ಕದ ನೆಲಕ್ಕೆ ಅಡಿಕೆಯ ಕೆಂಪು ಉಗುಳು ಬಿತ್ತು.